ನೆಕ್ಸ್ಟ್ ಗುರುವಾರ ಅಂದರೆ ಯಾವ ಗುರುವಾರ?

ಚಿಕ್ಕಮ್ಮನಿಗೆ ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕಿತ್ತು. ಸೋಮವಾರ ಹೋಗಿ ಹೆಸರು ಬರೆಸಿದಾಗ ಕೌಂಟರಿನಲ್ಲಿದ್ದ ಹುಡುಗಿ, ‘ನೆಕ್ಸ್ಟ್ ಗುರುವಾರ ಖಾಲಿ ಹೊಟ್ಟೇಲಿ ಬನ್ನಿ ಅಮ್ಮಾ’ ಅಂದಳು. ಚಿಕ್ಕಮ್ಮ ಅದೇ ವಾರದ ಗುರುವಾರ ಬೆಳಗಿನ ಕಾಫಿಯನ್ನೂ ಬಿಟ್ಟು, ಮೊದಲ ಬಸ್ಸಿಗೆ ಬಂದು ಕೂತರು. ಪುಸ್ತಕದಲ್ಲಿ ಅವರ ಹೆಸರಿದ್ದದ್ದು ಅದರಾಚೆಯ ಗುರುವಾರಕ್ಕೆ. ವಯಸ್ಸಾದ ಹೆಂಗಸು ಹಸಿದುಕೊಂಡು ಬಂದು ಹಾಗೇ ವಾಪಸು ಹೋದದ್ದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಈ ಪುಟ್ಟ ಪದದ ಬೆನ್ನು ಹತ್ತಿದ್ದು ಅಂದಿನಿಂದ.

ಇಬ್ಬರಲ್ಲಿ ಯಾರದೂ ತಪ್ಪಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರಲ್ಲೂ ಈ ವಿಷಯದಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಇನ್ನು ಮೊದಲು ಬರುವ ಗುರುವಾರವೇ ‘ನೆಕ್ಸ್ಟ್’. ಇನ್ನೊಂದು ಪಂಗಡಕ್ಕೆ ಈ ವಾರದ್ದು ‘ದಿಸ್ ಥರ್ಸ್‌ಡೇ’, ಅದರಾಚೆಯದು ‘ನೆಕ್ಸ್ಟ್ ಥರ್ಸ್‌ಡೇ’. ಗೊಂದಲ ಬೇಡವೆಂದು ಬ್ರಿಟನ್ನಿನಲ್ಲಿ ‘ಥರ್ಸ್‌ಡೇ ವೀಕ್’ ಅನ್ನುವವರಿದ್ದಾರೆ. ಬರುವ ಗುರುವಾರ ಕಳೆದು ಸರಿಯಾಗಿ ಒಂದು ವಾರಕ್ಕೆ ಎಂದು ಅರ್ಥ. ನಮ್ಮ ‘ಮುಂದಿನ ಗುರುವಾರ’ಕ್ಕೂ ಇದೇ ತೊಡಕು ಅಂಟಿಕೊಂಡಿದೆ. ಆದರೆ ‘ಬರೋ ಗುರುವಾರ’ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಇಂಗ್ಲಿಷಿನಲ್ಲೂ ‘ದಿಸ್ ಕಮಿಂಗ್ ಥರ್ಸ್‌ಡೇ’ ಅನ್ನಬಹುದು. ಆಸ್ಪತ್ರೆ, ಬ್ಯಾಂಕು, ರೈಲಿನ ವಿಷಯವಾದರೆ ವಾರದ ಜೊತೆಗೆ ತಾರೀಖನ್ನೂ ಹೇಳಿ, ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಈ ಪದ ಹುಟ್ಟಿದ ಬಗೆ ತಿಳಿದರೆ ಅದರ ನಡವಳಿಕೆ ಅರ್ಥವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಹತ್ತಿರ ಎನ್ನಲು ಒಂದು ಮಾತಿತ್ತು; ಅದು ಇಂದಿನ ‘ನೈ’ ಆಗಿ, ಈಗ ಹೆಚ್ಚಾಗಿ ಕಾವ್ಯದಲ್ಲಷ್ಟೇ ಸಿಗುತ್ತದೆ. ಇನ್ನೂ ಹತ್ತಿರ ಎನ್ನಲು ಬಳಸುತ್ತಿದ್ದ ರೂಪವೇ ‘ನಿಯರ್’. ಎಲ್ಲಕ್ಕಿಂತ ಹತ್ತಿರ ಎಂಬುದಕ್ಕಿದ್ದ ರೂಪ ‘ನೆಕ್ಸ್ಟ್’. ಹಾಗಾಗಿ ಅದರ ಮೂಲದಲ್ಲಿ ಇರುವುದು ‘ಆಮೇಲೆ’ ಅಲ್ಲ, ‘ತೀರಾ ಪಕ್ಕ’. ‘ನೆಕ್ಸ್ಟ್ ಡೋರ್’ ಅಂದರೆ ಪಕ್ಕದ ಮನೆ. ‘ನೆಕ್ಸ್ಟ್ ಆಫ್ ಕಿನ್’ ಅಂದರೆ ಅತಿ ಹತ್ತಿರದ ರಕ್ತಸಂಬಂಧಿ. ‘ನೆಕ್ಸ್ಟ್ ಟು ನಥಿಂಗ್’ ಅಂದರೆ ಏನೂ ಇಲ್ಲ ಅನ್ನುವಷ್ಟು ಕಡಿಮೆ. ನೆರೆಯವರನ್ನು ಕರೆಯುವ ‘ನೇಬರ್’ ಪದದ ಮೊದಲರ್ಧವೂ ಇದೇ ಬೇರಿನದು.

ನನಗೆ ಬಹಳ ಇಷ್ಟವಾದ ಸಂಗತಿಯೆಂದರೆ ನಮ್ಮ ‘ನಂತರ’ದ ಒಳಗೂ ಇದೇ ಅರ್ಥ ಅಡಗಿರುವುದು. ಅದರ ಪೂರ್ಣರೂಪ ‘ಅನಂತರ’. ಅಂತರ ಅಂದರೆ ನಡುವಿನ ತೆರಪು. ಅನಂತರ ಅಂದರೆ ನಡುವೆ ತೆರಪೇ ಇಲ್ಲದ್ದು, ತಾಗಿಕೊಂಡು ಬರುವಂಥದ್ದು. ತಲೆಯ ಅಕ್ಷರ ಬಿದ್ದುಹೋದ ‘ನಂತರ’ ತಪ್ಪೆಂದು ವಾದಿಸುವವರಿದ್ದಾರೆ. ಎಲ್ಲರ ಬಾಯಲ್ಲಿ ನೆಲೆ ನಿಂತ ಪದವನ್ನು ನಾನಂತೂ ಬಿಡಲಾರೆ.

ಶಾಲೆಯಲ್ಲಿ ನಮಗೆ ಯಾರೂ ಬಿಡಿಸಿ ಹೇಳದ ಸೂಕ್ಷ್ಮವೊಂದಿದೆ. ‘ನೆಕ್ಸ್ಟ್ ವೀಕ್’ ಬೇರೆ, ‘ದ ನೆಕ್ಸ್ಟ್ ವೀಕ್’ ಬೇರೆ. ಇದನ್ನು ಅರಿಯಲು ಕನ್ನಡದ ನಾಳೆ ಮತ್ತು ಮರುದಿನಗಳನ್ನು ನೆನೆಯಿರಿ. ‘ನಾಳೆ ಜಾತ್ರೆ’ ಅಂದರೆ ಮಾತಾಡುತ್ತಿರುವ ಈ ದಿನದಿಂದ ಎಣಿಸಬೇಕು. ‘ಅಜ್ಜಿ ಶನಿವಾರ ಬಂದಳು, ಮರುದಿನ ಜಾತ್ರೆ’ ಅಂದರೆ ಎಣಿಕೆ ಶುರುವಾಗುವುದು ಆ ಶನಿವಾರದಿಂದ. ಜಾತ್ರೆ ಮುಗಿದು ಹತ್ತು ವರ್ಷವಾಗಿದ್ದರೂ ಸರಿಯೇ. ‘ನೆಕ್ಸ್ಟ್ ವೀಕ್’ ನಾಳೆಯ ಜಾತಿಯದು: ಈಗಿನಿಂದ ಮುಂದಿನ ವಾರ. ‘ದ ನೆಕ್ಸ್ಟ್ ವೀಕ್’ ಮರುದಿನದ ಜಾತಿಯದು: ಹೇಳುತ್ತಿರುವ ಕತೆಯಲ್ಲಿ ಅದರ ಮುಂದಿನ ವಾರ. ಹಳೆಯ ಘಟನೆ ಬರೆಯುವಾಗ ‘ದ ಫಾಲೋಯಿಂಗ್ ವೀಕ್’ ಅಂದರೆ ಇನ್ನೂ ಸ್ಪಷ್ಟ. ‘ದ’ ಎಂಬ ಒಂದಕ್ಷರ ಬಿಟ್ಟರೆ ಕಳೆದುಹೋದ ಸಂಗತಿ ಇನ್ನೂ ಆಗಬೇಕಾದ್ದೆಂದು ಓದುವವರಿಗೆ ತೋರಬಹುದು.

ಇದರ ಜೊತೆಗೆ ನಮ್ಮ ವಿಭಕ್ತಿಯ ಅಭ್ಯಾಸವೂ ತಲೆಹಾಕುತ್ತದೆ. ‘ಮುಂದಿನ ವಾರದಲ್ಲಿ ಬರ್ತೀನಿ’ ಎಂದು ಮನಸ್ಸಿನಲ್ಲಿ ಮೂಡಿದ್ದರಿಂದ ‘ಇನ್ ನೆಕ್ಸ್ಟ್ ವೀಕ್’, ‘ಆನ್ ನೆಕ್ಸ್ಟ್ ಮಂಡೇ’ ಎಂದು ಬರೆದುಬಿಡುತ್ತೇವೆ. ಇಲ್ಲಿ ‘ಇನ್’ ಮತ್ತು ‘ಆನ್’ ಎರಡೂ ಬೇಡ; ಬರಿದೇ ‘ನೆಕ್ಸ್ಟ್ ವೀಕ್’, ‘ನೆಕ್ಸ್ಟ್ ಮಂಡೇ’ ಸಾಕು. ‘ಇನ್ ದ ನೆಕ್ಸ್ಟ್ ವೀಕ್’ ಸರಿಯಾದ ಪ್ರಯೋಗವೇ, ಆದರೆ ಅರ್ಥ ಬೇರೆ: ಇಂದಿನಿಂದ ಏಳು ದಿನದೊಳಗೆ.

ಇನ್ನು ‘ಆಫ್ಟರ್’. ನಮ್ಮವರ ಬರಹದಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ, ಅದಕ್ಕೆ ಕಾರಣವೂ ಇದೆ. ‘ಊಟದ ನಂತರ ಹೊರಟೆ’ ಅಂತಲೂ ಅನ್ನುತ್ತೇವೆ, ‘ಊಟ ಮಾಡಿದೆ. ನಂತರ ಹೊರಟೆ’ ಅಂತಲೂ ಅನ್ನುತ್ತೇವೆ. ನಮ್ಮ ನಂತರ ಇನ್ನೊಂದು ಪದಕ್ಕೆ ಒರಗಿಯೂ ನಿಲ್ಲುತ್ತದೆ, ತನ್ನ ಕಾಲ ಮೇಲೂ ನಿಲ್ಲುತ್ತದೆ. ‘ಆಫ್ಟರ್’ ಸಾಮಾನ್ಯವಾಗಿ ಒರಗಿಯೇ ನಿಲ್ಲಬೇಕು: ‘ಆಫ್ಟರ್ ಲಂಚ್’, ‘ಆಫ್ಟರ್ ಐ ಏಟ್’. ಪ್ರಬಂಧದಲ್ಲಿ ಮಕ್ಕಳು ‘ಐ ಏಟ್. ಆಫ್ಟರ್ ಐ ವೆಂಟ್ ಟು ಸ್ಕೂಲ್’ ಎಂದು ಬರೆದಾಗ ಅವರ ಮನಸ್ಸಿನಲ್ಲಿರುವುದು ‘ಆಮೇಲೆ ಶಾಲೆಗೆ ಹೋದೆ’. ಇಂಗ್ಲಿಷ್ ಓದುಗನಿಗೆ ಕೇಳಿಸುವುದು ‘ಶಾಲೆಗೆ ಹೋದ ಮೇಲೆ...’ ಎಂಬ ಅರ್ಧ ವಾಕ್ಯ. ಮುಂದೇನಾಯಿತೆಂದು ಅವನು ಕಾಯುತ್ತಾನೆ, ಏನೂ ಬರುವುದಿಲ್ಲ. ಅಲ್ಲಿ ಬೇಕಾದದ್ದು ‘ದೆನ್’ ಅಥವಾ ‘ಆಫ್ಟರ್‌ವರ್ಡ್ಸ್’. ಕೆಂಪು ಶಾಯಿಯಲ್ಲಿ ಗೀಟು ಎಳೆಯುವ ಬದಲು ಕನ್ನಡದ ಈ ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿ, ಮಕ್ಕಳಿಗೆ ಬೇಗ ಹೊಳೆಯುತ್ತದೆ. ಹಾಗೆಯೇ ‘ಎರಡು ದಿನ ಬಿಟ್ಟು ಬರ್ತೀನಿ’ ಎನ್ನಲು ನಾವು ‘ಆಫ್ಟರ್ ಟು ಡೇಸ್’ ಅನ್ನುತ್ತೇವೆ. ಇಂಗ್ಲಿಷಿನ ರೂಢಿ ‘ಇನ್ ಟು ಡೇಸ್’. ನಡೆದುಹೋದ ಸಂಗತಿಗಾದರೆ ‘ಟು ಡೇಸ್ ಲೇಟರ್’.

‘ಫಾಲೋಯಿಂಗ್’ ಹೇಗೆ ಹಿಂಬಾಲಿಸುವುದೋ, ಲ್ಯಾಟಿನ್ನಿನಿಂದ ಬಂದ ‘ಸಬ್ಸಿಕ್ವೆಂಟ್’ ಕೂಡ ಹಿಂಬಾಲಿಸುವುದೇ. ‘ಸೀಕ್ವೆನ್ಸ್’, ‘ಸೀಕ್ವೆಲ್’ ಇದೇ ಮನೆತನದವು. ಎರಡನೆಯದು ಎನ್ನುವ ‘ಸೆಕೆಂಡ್’ ಸಹ. ಮೊದಲನೆಯದನ್ನು ಹಿಂಬಾಲಿಸುವುದೇ ಎರಡನೆಯದು ತಾನೆ? ಗಡಿಯಾರದ ಸೆಕೆಂಡಿಗೂ ಹೆಸರು ಬಂದದ್ದು ಹೀಗೆ: ಗಂಟೆಯನ್ನು ಮೊದಲ ಸಲ 60 ಚೂರು ಮಾಡಿದರೆ ನಿಮಿಷ, ನಿಮಿಷವನ್ನು ಎರಡನೆಯ ಸಲ 60 ಚೂರು ಮಾಡಿದರೆ ಸೆಕೆಂಡು.

‘ಸಬ್ಸಿಕ್ವೆಂಟ್’ ಮಾತಿಗಿಂತ ಕಾಗದಪತ್ರಗಳಲ್ಲೇ ಹೆಚ್ಚು. ಅದನ್ನು ‘ನೆಕ್ಸ್ಟ್’ ಎಂಬುದರ ಗಂಭೀರ ರೂಪವೆಂದು ತಿಳಿದವರು ಬಹಳ, ಆದರೆ ಎರಡೂ ಒಂದಲ್ಲ. ನೆಕ್ಸ್ಟ್ ತೀರಾ ಪಕ್ಕದ್ದನ್ನು ಮಾತ್ರ ಮುಟ್ಟುತ್ತದೆ. ಸಬ್ಸಿಕ್ವೆಂಟ್ ಅಂದರೆ ಆಮೇಲಿನದು ಯಾವುದಾದರೂ ಸರಿ, ನಡುವೆ ಎಷ್ಟು ತೆರಪಿದ್ದರೂ ಸರಿ. 36 ಕಂತಿನ ಸಾಲದ ಪತ್ರದಲ್ಲಿ ಮೊದಲ ಕಂತಿನ ಮಾತು ಮುಗಿಸಿ ‘ನೆಕ್ಸ್ಟ್ ಇನ್‌ಸ್ಟಾಲ್‌ಮೆಂಟ್’ಗೆ ಇಂಥ ಷರತ್ತು ಎಂದಿದ್ದರೆ ಅದು ಎರಡನೆಯ ಕಂತಿಗೆ ಮಾತ್ರ. ‘ಸಬ್ಸಿಕ್ವೆಂಟ್ ಇನ್‌ಸ್ಟಾಲ್‌ಮೆಂಟ್ಸ್’ ಎಂದಿದ್ದರೆ ಉಳಿದ ಮೂವತ್ತೈದಕ್ಕೂ. ಸಹಿ ಹಾಕುವ ಮುನ್ನ ಆ ಸಾಲಿನ ಮೇಲೆ ಬೆರಳಿಟ್ಟು, ಎರಡರಲ್ಲಿ ಯಾವ ಪದ ಅಚ್ಚಾಗಿದೆ ಎಂದು ನೋಡಿಕೊಳ್ಳಿ.