ತುರಂಗಲೀಲ: ತಾಳದ ಹೆಸರು, ಸಮವಿಲ್ಲದ ಕಾಲ

ತಪ್ಪು ಕಲ್ಪನೆ: ಫ್ರೆಂಚ್ ಸಂಗೀತ ರಚನಕಾರ ಒಲಿವಿಯೇ ಮೆಸ್ಸಿಯಾನ್ ಭಾರತದ ತಾಳಪದ್ಧತಿಯನ್ನೇ ಪಾಶ್ಚಾತ್ಯ ವಾದ್ಯವೃಂದಕ್ಕೆ ಅಳವಡಿಸಿದರು, ಅವರ ‘ತುರಂಗಲೀಲ ಸಿಂಫನಿ’ ಅದಕ್ಕೆ ಸಾಕ್ಷಿ.

ಸತ್ಯ: ಮೆಸ್ಸಿಯಾನ್ ತೆಗೆದುಕೊಂಡದ್ದು ತಾಳದ ಅಳತೆಗಳನ್ನು, ತಾಳವನ್ನಲ್ಲ. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ 120 ದೇಶೀತಾಳಗಳನ್ನು ಪಟ್ಟಿಮಾಡಿದ್ದ. ಪ್ಯಾರಿಸ್‌ನಲ್ಲಿ ಅಚ್ಚಾದ ಲಾವಿನ್ಯಾಕ್ ಸಂಗೀತ ವಿಶ್ವಕೋಶದಲ್ಲಿ ಆ ಪಟ್ಟಿ ಮೆಸ್ಸಿಯಾನ್ ಕಣ್ಣಿಗೆ ಬಿತ್ತು. ಗುರುವಿನ ಎದುರು ಕೂತು, ತೊಡೆ ತಟ್ಟಿ, ಬೆರಳೆಣಿಸಿ ಕಲಿಯುವ ವಿದ್ಯೆ ಅವರಿಗೆ ಕಾಗದದ ಮೇಲಿನ ಉದ್ದ-ಗಿಡ್ಡ ಕಾಲಮಾನಗಳ ಸಾಲಾಗಿ ದೊರೆಯಿತು. ಅದನ್ನು ಅವರು ಏನು ಮಾಡಿದರೆಂಬುದಕ್ಕೆ, ಗ್ಯೋರ್ಲಿಟ್ಸ್‌ನಲ್ಲಿ ಜರ್ಮನರು ನಡೆಸುತ್ತಿದ್ದ ಯುದ್ಧಕೈದಿಗಳ ಶಿಬಿರದಲ್ಲಿ 1941ರ ಜನವರಿ 15ರಂದು ಮೊದಲ ಬಾರಿ ನುಡಿಸಿದ ‘ಕಾಲಾಂತ್ಯದ ಚತುರ್ವಾದ್ಯ’ ಕೃತಿಯನ್ನು ನೋಡಬೇಕು. ಅದರ ಮೊದಲ ಭಾಗದಲ್ಲಿ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ತಾಳಗಳನ್ನು ಪೋಣಿಸಿದ 17 ಕಾಲಮಾನಗಳು ಪಿಯಾನೋದಲ್ಲಿ ಮತ್ತೆ ಮತ್ತೆ ಸುತ್ತುತ್ತವೆ; ಅದೇ ಪಿಯಾನೋದ ಸ್ವರಮೇಳಗಳು ಮಾತ್ರ 29. ಇವೆರಡೂ ಒಟ್ಟಿಗೆ ಆರಂಭದ ಸ್ಥಾನಕ್ಕೆ ಮರಳಬೇಕಾದರೆ 17 ಬಾರಿ 29, ಅಂದರೆ 493 ಹೆಜ್ಜೆ ಸಾಗಬೇಕು. ಅಷ್ಟು ದೂರ ಹೋಗುವ ಮೊದಲೇ ಸಂಗೀತ ನಿಂತುಬಿಡುತ್ತದೆ. ನಮ್ಮ ಸಂಗೀತ ಕಚೇರಿಯಲ್ಲಿ ಮೃದಂಗದ ತನಿ ಆವರ್ತನದ ಲೆಕ್ಕಾಚಾರವೆಲ್ಲ ಕೊನೆಗೆ ಹಾಡು ಎತ್ತಿಕೊಳ್ಳುವ ಎಡುಪಿಗೋ ತಾಳದ ಮೊದಲ ಪೆಟ್ಟಾದ ಸಮಕ್ಕೋ ಬಂದು ಸೇರುತ್ತದೆ. ಆ ಸೇರುವಿಕೆಯೇ ಅದರ ಸುಖ. ಶ್ರದ್ಧಾವಂತ ಕ್ಯಾಥೊಲಿಕ್ ಆಗಿದ್ದ ಮೆಸ್ಸಿಯಾನ್‌ಗೆ ಬೇಕಿದ್ದದ್ದು ಸೇರದಿರುವ ಕಾಲ, ಕೊನೆಯಿಲ್ಲದ್ದರ ಸೂಚನೆ. ಅಳತೆ ಅದೇ, ಉದ್ದೇಶ ತದ್ವಿರುದ್ಧ.

ಹಾಗಾದರೆ ಭಾರತದ ಪ್ರಭಾವ ಬರೀ ಅಲಂಕಾರವೇ ಎಂದು ಕೇಳಬಹುದು. ಅಲ್ಲ. ಯುರೋಪಿನ ರೂಢಿಯ ಲಯ ಕಾಲವನ್ನು ಸಮಭಾಗಗಳಾಗಿ ಒಡೆಯುತ್ತಿತ್ತು. ದೇಶೀತಾಳಗಳು ಸಮವಲ್ಲದ ತುಂಡುಗಳನ್ನು ಕೂಡಿಸುತ್ತಾ ಕಾಲವನ್ನು ಕಟ್ಟುತ್ತವೆ. ಈ ಕೂಡಿಸುವ ಕ್ರಮ ಮೆಸ್ಸಿಯಾನ್ ಲಯದ ಬುನಾದಿಯಲ್ಲೇ ಇದೆ. 1944ರಲ್ಲಿ ತಮ್ಮ ಸಂಗೀತಭಾಷೆಯ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಶಾರ್ಙ್ಗದೇವನ ಹೆಸರು ಹೇಳಿಯೇ ಅವರು ಆ ಋಣವನ್ನು ಒಪ್ಪಿಕೊಂಡಿದ್ದಾರೆ. ‘ತುರಂಗಲೀಲ’ ಎಂಬುದೇ ಒಂದು ದೇಶೀತಾಳದ ಹೆಸರಲ್ಲವೇ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಆದರೆ 1949ರ ಡಿಸೆಂಬರ್ 2ರಂದು ಬಾಸ್ಟನ್‌ನಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ನಿರ್ದೇಶನದಲ್ಲಿ ಮೊದಲು ಕೇಳಿಬಂದ ಈ ಹತ್ತು ಭಾಗಗಳ ಸಿಂಫನಿಯ ಹಿಂದಿರುವುದು ಟ್ರಿಸ್ಟನ್ ಮತ್ತು ಇಸೋಲ್ಡರ ಪ್ರೇಮಕಥೆ. ಅದರ ನಾದದಲ್ಲಿ ಏಷ್ಯಾವನ್ನು ಹುಡುಕುವುದಾದರೆ, ಪಿಯಾನೋ, ಸೆಲೆಸ್ಟಾ, ವೈಬ್ರಫೋನ್‌ಗಳ ಲೋಹದ ಝೇಂಕಾರ ಬಾಲಿಯ ಗಮೆಲಾನ್ ವಾದ್ಯವೃಂದಕ್ಕೆ ಹತ್ತಿರ, ವೀಣೆ-ಮೃದಂಗಕ್ಕಲ್ಲ.

ಪ್ರಭಾವವನ್ನು ಹೋಲಿಕೆಯಿಂದ ಅಳೆಯಹೊರಟಾಗ ಈ ತಪ್ಪು ಆಗುತ್ತದೆ. ಪುಸ್ತಕದ ಹಾಳೆಯ ಮೇಲೆ ಲಘು-ಗುರುಗಳು ಸಮುದ್ರ ದಾಟಬಲ್ಲವು; ಸಮಕ್ಕಾಗಿ ಕಾಯುವ ಕಿವಿ ದಾಟಲಾರದು. ಆದ್ದರಿಂದ ಮೆಸ್ಸಿಯಾನ್ ಸಂಗೀತಕ್ಕೆ ತಾಳ ಹಾಕಹೊರಟ ನಮ್ಮ ಕೈ ನೆಲೆ ಸಿಗದೆ ತಡವರಿಸಿದರೆ ಅದು ಅವರ ಅರೆಕಲಿಕೆಯ ಗುರುತಲ್ಲ. ಆ ನೆಲೆಯನ್ನು ಅವರು ಬೇಕೆಂದೇ ಬಿಟ್ಟುಕೊಟ್ಟಿದ್ದರು.