ಸ್ಕ್ರೀನ್‌ಶಾಟ್ ಕಪ್ಪಾಗಿ ಬರುವುದೇಕೆ?

ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: ‘ಮೊಬೈಲ್‌ನಲ್ಲಿ ಸಿನಿಮಾ ನೋಡುವಾಗ ಸ್ಕ್ರೀನ್‌ಶಾಟ್ ತೆಗೆದರೆ ದೃಶ್ಯವೆಲ್ಲ ಕಪ್ಪು, ಕೆಳಗಿನ ಸಬ್‌ಟೈಟಲ್ ಮಾತ್ರ ಚೆನ್ನಾಗಿ ಬರುತ್ತೆ. ನನ್ನ ಕಣ್ಣಿಗೆ ಕಾಣೋದು ಫೋನಿಗೇ ಕಾಣಲ್ವಾ?’

ಕಾಣುವುದಿಲ್ಲ! ಪ್ರಶ್ನೆಯಲ್ಲೇ ಉತ್ತರ ಹೇಳಿಬಿಟ್ಟಿದ್ದಾರೆ.

‘ಸ್ಕ್ರೀನ್‌ಶಾಟ್ ಒತ್ತಿದ ಕೂಡಲೇ ಕಂಪನಿಗೆ ಗೊತ್ತಾಗುತ್ತದೆ, ಅಲ್ಲಿಂದಲೇ ಕಪ್ಪು ಮಾಡುತ್ತಾರೆ, ಆಮೇಲೆ ಪೊಲೀಸ್ ಕೇಸು’ ಎಂದು ನಂಬಿದವರು ಬಹಳ ಮಂದಿ ಇದ್ದಾರೆ. ಇಂಥ ಹೆದರಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಮೊದಲು ಒಂದು ನಿಮಿಷ ಪರೀಕ್ಷೆ ಮಾಡಿ ನೋಡಬಾರದೇ? ಆ್ಯಪ್‌ನಲ್ಲೇ ಸಿನಿಮಾ ಡೌನ್‌ಲೋಡ್ ಮಾಡಿಕೊಂಡು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹೊರಜಗತ್ತಿನ ಸಂಪರ್ಕವೇ ಇಲ್ಲ. ಈಗಲೂ ಚಿತ್ರ ಕಪ್ಪೇ. ಕರಾಮತ್ತು ನಡೆಯುತ್ತಿರುವುದು ನಿಮ್ಮ ಅಂಗೈಯಲ್ಲೇ.

ಜಾತ್ರೆಯ ಫೋಟೊ ಅಂಗಡಿಗಳಲ್ಲಿ ಒಂದು ಹಲಗೆ ಇರುತ್ತಿತ್ತು. ಅದರ ಮೇಲೆ ಕುದುರೆ ಏರಿದ ರಾಜನ ಚಿತ್ರ, ಮುಖದ ಜಾಗದಲ್ಲಿ ತೂತು. ಹಿಂದಿನಿಂದ ನಾವು ಮುಖ ತೂರಿಸಬೇಕು. ಫೋನಿನ ಪರದೆಯೂ ಹಾಗೆಯೇ. ಬಟನ್ನು, ಗಡಿಯಾರ, ಸಬ್‌ಟೈಟಲ್ ಎಲ್ಲವನ್ನೂ ಆಂಡ್ರಾಯ್ಡ್ ಬರೆಯುತ್ತದೆ. ಸಿನಿಮಾದ ಜಾಗವನ್ನು ಖಾಲಿ ಬಿಡುತ್ತದೆ. ಚಿತ್ರ ಬಂದು ಸೇರುವುದು ಕಟ್ಟಕಡೆಯಲ್ಲಿ, ಪರದೆಯನ್ನು ನಡೆಸುವ ಸರ್ಕಿಟ್‌ನಲ್ಲಿ. ಸ್ಕ್ರೀನ್‌ಶಾಟ್‌ಗೆ ಸಿಗುವುದು ಬರೀ ಹಲಗೆ.

ಚಿತ್ರ ಅಲ್ಲಿಯವರೆಗೆ ಎಲ್ಲಿತ್ತು? ನನಗೆ ಅತ್ಯಂತ ಸೊಗಸೆನಿಸುವ ಭಾಗ ಇದು. ಸಿನಿಮಾ ನಿಮ್ಮ ಫೋನಿಗೆ ಬರುವುದೇ ಗೂಢಲಿಪಿಯಲ್ಲಿ. ಪ್ರೊಸೆಸರ್ ಚಿಪ್‌ನೊಳಗೆ ಆಂಡ್ರಾಯ್ಡ್‌ಗೂ ಪ್ರವೇಶವಿಲ್ಲದ ಒಂದು ಮೂಲೆ ಇದೆ. ಎಆರ್‌ಎಂ ವಿನ್ಯಾಸದ ಚಿಪ್‌ಗಳಲ್ಲಿ ಅದಕ್ಕೆ ಟ್ರಸ್ಟ್‌ಝೋನ್ ಎಂದು ಹೆಸರು. ಗೂಢಲಿಪಿ ಬಿಡಿಸುವ 128 ಬಿಟ್‌ಗಳ ಕೀಲಿ ಕೆಲಸ ಮಾಡುವುದು ಅಲ್ಲಿ ಮಾತ್ರ. ಬಿಡಿಸಿದ ಚಿತ್ರ ಇಳಿಯುವುದು ಯಾವ ಆ್ಯಪ್ ಕೂಡ ಓದಲಾಗದ ಮೆಮೊರಿಗೆ. ಫೋನು ನಿಮ್ಮದು, ದುಡ್ಡು ಕೊಟ್ಟವರು ನೀವು, ಆದರೂ ಅದರೊಳಗೆ ನೀವೇ ಕಾಲಿಡಲಾಗದ ಕೋಣೆಯೊಂದಿದೆ!

ಇಷ್ಟೊಂದು ಕಸರತ್ತು ಏಕೆಂದರೆ ಈ ಬೀಗದ ಸಮಸ್ಯೆಯೇ ವಿಚಿತ್ರ. ಬ್ಯಾಂಕಿನ ಸಂದೇಶವನ್ನು ಗೂಢಲಿಪಿಯಲ್ಲಿ ಕಳಿಸುವುದು ಮೂರನೆಯವರು ಓದಬಾರದೆಂದು. ಸಿನಿಮಾದಲ್ಲಿ ಮೂರನೆಯವರೇ ಇಲ್ಲ. ನೋಡಬೇಕಾದವರೂ ನೀವೇ, ನಕಲು ಮಾಡಬಹುದೆಂಬ ಅನುಮಾನವೂ ನಿಮ್ಮ ಮೇಲೆಯೇ. ಕೀಲಿಯನ್ನು ಕೈಗೆ ಕೊಡಲೂಬೇಕು, ಕಾಣದಂತೆ ಇಡಲೂಬೇಕು.

ಡಿವಿಡಿ ತಯಾರಿಸಿದವರು ಇದರಲ್ಲೇ ಎಡವಿದರು. ಅವರ ಸಿಎಸ್‌ಎಸ್ ಬೀಗಕ್ಕಿದ್ದದ್ದು 40 ಬಿಟ್‌ಗಳ ಕೀಲಿ, ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕೇಳಲು ಭಾರಿ ಸಂಖ್ಯೆ, ಕಂಪ್ಯೂಟರಿಗೆ ಅಂಥದ್ದೇನೂ ಅಲ್ಲ. ಅಷ್ಟೂ ಸಾಧ್ಯತೆಗಳನ್ನು ಹುಡುಕುವ ಪ್ರಮೇಯವೇ ಬರಲಿಲ್ಲ. ಡಿವಿಡಿ ನೋಡುವ ಒಂದು ಸಾಫ್ಟ್‌ವೇರ್ ತನ್ನ ಕೀಲಿಯನ್ನು ಸರಿಯಾಗಿ ಬಚ್ಚಿಡದೆ ಬಿಟ್ಟಿತ್ತು. 1999ರಲ್ಲಿ ಬೀಗ ಬಿಚ್ಚುವ ಡಿಸಿಎಸ್‌ಎಸ್ ಎಂಬ ಪುಟ್ಟ ಪ್ರೋಗ್ರಾಂ ಅಂತರ್ಜಾಲಕ್ಕೆ ಬಂತು. ಅದನ್ನು ಹೊರತಂದವರಲ್ಲಿ ಒಬ್ಬ ನಾರ್ವೆಯ ಜಾನ್ ಲೆಕ್ ಜೊಹಾನ್ಸೆನ್, ಆಗ ಹದಿನೈದರ ಹುಡುಗ. ಮೊಕದ್ದಮೆ ನಡೆದು, ತಾನೇ ಕೊಂಡ ಡಿವಿಡಿಯನ್ನು ತನಗೆ ಬೇಕಾದಂತೆ ನೋಡುವುದು ತಪ್ಪಲ್ಲವೆಂದು 2003ರಲ್ಲಿ ಅಲ್ಲಿನ ನ್ಯಾಯಾಲಯಗಳು ಆತನನ್ನು ಖುಲಾಸೆ ಮಾಡಿದವು. ಸಾಫ್ಟ್‌ವೇರ್‌ನಲ್ಲಿ ಅಡಗಿಸಿದ ಕೀಲಿ ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತದೆ. ಬೀಗ ಚಿಪ್‌ನೊಳಗೆ ಸೇರಿದ್ದು ಅದಕ್ಕಾಗಿಯೇ.

ಕಂಪ್ಯೂಟರಿನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲ್‌ನಲ್ಲೂ ಎಚ್‌ಡಿಸಿಪಿ ಎಂಬ ಇನ್ನೊಂದು ಗೂಢಲಿಪಿ ಇದೆ. ಅದರ ಮೂಲಕೀಲಿ 2010ರಲ್ಲಿ ಬಯಲಾಯಿತು, ಆಮೇಲೆ ಹೊಸ ಆವೃತ್ತಿ ಬಂತು.

ಇಷ್ಟಾದರೂ ಪರದೆಯಿಂದ ಹೊರಟ ಬೆಳಕಿಗೆ ಯಾವ ಗೂಢಲಿಪಿಯೂ ಇಲ್ಲ. ಎದುರಿಗೆ ಕ್ಯಾಮೆರಾ ಹಿಡಿದರೆ ಎಲ್ಲ ಬೀಗವೂ ವ್ಯರ್ಥ. ಅದಕ್ಕೇ ಡಿಜಿಟಲ್ ಸಿನಿಮಾ ಮಂದಿರಗಳ ಯಂತ್ರ, ಯಾವ ಚಿತ್ರಮಂದಿರ, ಯಾವ ಹೊತ್ತು ಎಂಬ ಗುರುತನ್ನು ಕಣ್ಣಿಗೆ ಕಾಣದಂತೆ ಚಿತ್ರದಲ್ಲೇ ಬೆರೆಸುತ್ತದೆ. ಕದ್ದ ಪ್ರತಿ ಸಿಕ್ಕರೆ ಅದು ಹೊರಟ ಜಾಗವನ್ನು ಪತ್ತೆಹಚ್ಚಬಹುದು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯ ಪ್ರಕಾರ ಹಾಗೆ ಚಿತ್ರೀಕರಿಸಿದವರಿಗೆ ಕನಿಷ್ಠ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ವರ್ಷಗಟ್ಟಲೆ ದುಡಿದು ಸಿನಿಮಾ ಮಾಡಿದವರ ಅನ್ನ ಕಸಿಯುವ ಕೆಲಸಕ್ಕೆ ಅದು ಹೆಚ್ಚೆಂದು ನನಗೆ ಅನ್ನಿಸುವುದಿಲ್ಲ.

ನನ್ನ ತಕರಾರು ಬೇರೆ. ಗೂಗಲ್‌ನ ವೈಡ್‌ವೈನ್ ಎಂಬ ಬೀಗಕ್ಕೆ ಎಲ್1, ಎಲ್3 ಎಂಬ ದರ್ಜೆಗಳಿವೆ. ಮೊದಲನೆಯದು ಚಿಪ್‌ನೊಳಗಿನದು, ಇನ್ನೊಂದು ಬರೀ ಸಾಫ್ಟ್‌ವೇರ್. ಎಲ್3 ಇರುವ ಫೋನುಗಳನ್ನು ನಂಬದ ಸೇವೆಗಳು ಅವುಗಳಿಗೆ ಸಾಮಾನ್ಯವಾಗಿ 480 ಗೆರೆಗಳ ಮಸುಕು ಚಿತ್ರವನ್ನಷ್ಟೇ ಕಳಿಸುತ್ತವೆ. ಪರದೆ ಎಷ್ಟೇ ಒಳ್ಳೆಯದಿದ್ದರೂ, ಪೂರ್ತಿ ಚಂದಾ ಕಟ್ಟಿದ್ದರೂ ಅಷ್ಟೇ. ಕದಿಯುವವರು ಎಲ್ಲೋ ಇದ್ದಾರೆ, ದಂಡ ಮಾತ್ರ ಪ್ರಾಮಾಣಿಕ ಗ್ರಾಹಕನಿಗೆ. ಹಣ ಪಡೆಯುವ ಮುನ್ನವೇ ‘ನಿಮ್ಮ ಫೋನಿಗೆ ಇಷ್ಟೇ ಸ್ಪಷ್ಟತೆ ಸಿಗುತ್ತದೆ’ ಎಂದು ಸೇವೆಗಳು ತಿಳಿಸಬೇಕು. ಅಲ್ಲಿಯವರೆಗೆ, ಹೊಸ ಫೋನು ಅಥವಾ ಟ್ಯಾಬ್ ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿಗಳ ಜೊತೆ ‘ವೈಡ್‌ವೈನ್ ಎಲ್1 ಇದೆಯಾ?’ ಎಂದೂ ಅಂಗಡಿಯಲ್ಲಿ ಕೇಳಿ.