ಕಾರಿನ ಬ್ಯಾಟರಿಗೆ ಚಾರ್ಜರ್ ಜೋಡಿಸುವ ಬಗೆ

ಮಗನ ಊರಿಗೋ ಮಗಳ ಬಾಣಂತನಕ್ಕೋ ಹೋಗಿ ತಿಂಗಳೊಪ್ಪತ್ತು ಇದ್ದು ಮನೆಗೆ ಹಿಂದಿರುಗುತ್ತೀರಿ. ಕಾರಿನ ಮೇಲಿನ ಧೂಳು ಒರಸಿ ಕೀಲಿ ತಿರುಗಿಸಿದರೆ ‘ಟಕ್ ಟಕ್’ ಎಂಬ ಸದ್ದಲ್ಲದೆ ಎಂಜಿನ್ನು ಉಸಿರೆತ್ತುವುದಿಲ್ಲ. ಬ್ಯಾಟರಿ ಬರಿದಾಗಿದೆ. ಇಂಥ ಹೊತ್ತಿಗೆಂದು ಈಗ ಅನೇಕ ಮನೆಗಳಲ್ಲಿ ಚಿಕ್ಕದೊಂದು ಚಾರ್ಜರ್ ಇರುತ್ತದೆ: ಕೆಂಪು ಕ್ಲಿಪ್ಪು ಒಂದು, ಕರಿಯ ಕ್ಲಿಪ್ಪು ಒಂದು, ಗೋಡೆಗೆ ಸಿಕ್ಕಿಸುವ ಪ್ಲಗ್ಗು ಒಂದು. ಕೆಂಪನ್ನು ಅತ್ತ, ಕರಿಯದನ್ನು ಇತ್ತ ಕಚ್ಚಿಸಿ ಸ್ವಿಚ್ಚು ಹಾಕಿದರೆ ಮುಗಿಯಿತು, ಇದರಲ್ಲಿ ಹೇಳುವುದೇನಿದೆ ಎಂದು ನೀವು ಕೇಳಬಹುದು. ಮೂವತ್ತು ನಲವತ್ತು ವರ್ಷದ ಹಿಂದಿನ ಕಾರಾಗಿದ್ದರೆ ಅಷ್ಟು ಮಾಡಿಯೂ ಬಹುಮಟ್ಟಿಗೆ ಪಾರಾಗುತ್ತಿದ್ದಿರಿ. ಈಚಿನ ಕಾರಿನಲ್ಲಿ ಕರಿಯ ಕ್ಲಿಪ್ಪಿನ ಜಾಗ ಬೇರೆ. ಏಕೆ ಬೇರೆ ಎಂಬುದು ತಿಳಿದರೆ ಜೋಡಿಸುವ ಕ್ರಮವೂ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ. ಕಾರಣ ತಿಳಿಯದೆ ಉರುಹೊಡೆದ ಸೂತ್ರವನ್ನು ನಮ್ಮ ಹುಡುಗರು ಪರೀಕ್ಷೆಯ ಮರುದಿನವೇ ಮರೆಯುವುದನ್ನು ನಾನು ವರ್ಷವರ್ಷವೂ ನೋಡುತ್ತಿದ್ದೇನೆ.

ನಿಲ್ಲಿಸಿದ ಕಾರು ನಿದ್ದೆ ಮಾಡುತ್ತಿದೆಯೆಂದು ತಿಳಿಯಬೇಡಿ. ಗಡಿಯಾರ, ಕಳ್ಳರನ್ನು ಹೆದರಿಸುವ ಗಂಟೆ, ದೂರದಿಂದಲೇ ಬಾಗಿಲು ತೆರೆಯುವ ಕೀಲಿಯ ಕರೆಗೆ ಕಿವಿಗೊಟ್ಟು ಕಾದಿರುವ ಯಂತ್ರ, ಇವೆಲ್ಲ ಹನಿಹನಿಯಾಗಿ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಈ ಸೋರಿಕೆ 30 ಮಿಲಿ ಆಂಪಿಯರು ಎಂದಿಟ್ಟುಕೊಳ್ಳಿ. ದಿನವೊಂದಕ್ಕೆ ಮುಕ್ಕಾಲು ಆಂಪಿಯರ್-ಗಂಟೆಗೆ ಕೊಂಚ ಕಡಮೆಯಾಯಿತು. 30 ದಿನಕ್ಕೆ ಸುಮಾರು 22 ಆಯಿತು. ಸಣ್ಣ ಕಾರಿನ ಬ್ಯಾಟರಿ ಹಿಡಿಯುವುದೇ 35ರಿಂದ 45 ಆಂಪಿಯರ್-ಗಂಟೆ. ಅಂದರೆ ನೀವು ಊರಲ್ಲಿಲ್ಲದ ತಿಂಗಳಲ್ಲಿ ಅರ್ಧ ಕೊಡ ಸೋರಿಹೋಯಿತು. ಹಾಗೆ ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜು ಕೊಟ್ಟರೂ ಹಳೆಯ ಶಕ್ತಿ ಪೂರ್ತಿಯಾಗಿ ಬರುವುದಿಲ್ಲ. ಆದುದರಿಂದ ಚಾರ್ಜು ಮಾಡುವುದು ಬೇಗನೆ ಆಗಬೇಕು, ಸರಿಯಾಗಿಯೂ ಆಗಬೇಕು.

ಬ್ಯಾಟರಿಯ ಮೇಲೆ ಎರಡು ಟರ್ಮಿನಲ್‌ಗಳುಂಟು. ಕೂಡುವ ಗುರುತು ಇರುವುದು ಧನ, ಕಳೆಯುವ ಗುರುತು ಇರುವುದು ಋಣ. ಈ ಮಾತುಗಳು ಹೊಸವಲ್ಲ. ಕ್ರಿ.ಶ. 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ಸೊನ್ನೆಗೆ ಮೇಲಿನ ಸಂಖ್ಯೆಯನ್ನು ಧನವೆಂದೂ ಕೆಳಗಿನದನ್ನು ಋಣವೆಂದೂ ಕರೆದಿದ್ದಾನೆ. ಧನವೆಂದರೆ ಹಣ, ಋಣವೆಂದರೆ ಸಾಲ. ಸಾಲ ಮೈಗೆ ಹತ್ತಬಾರದೆಂದು ಹಿರಿಯರು ಹೇಳಿದರೂ ಕಾರಿನಲ್ಲಿ ಮಾತ್ರ ಋಣವು ಮೈಯೆಲ್ಲ ಹಬ್ಬಿರುತ್ತದೆ! ಋಣ ಟರ್ಮಿನಲ್ಲಿನಿಂದ ಹೊರಟ ದಪ್ಪ ತಂತಿಯೊಂದನ್ನು ಕಾರಿನ ಉಕ್ಕಿನ ಮೈಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ದೀಪಕ್ಕಾಗಲಿ, ಹಾರನ್ನಿಗಾಗಲಿ, ರೇಡಿಯೋಗಾಗಲಿ ಧನದಿಂದ ಒಂದು ತಂತಿ ಹೋದರೆ ಸಾಕು. ಹಿಂದಿರುಗುವ ದಾರಿ ಕಾರಿನ ಮೈಯೇ. ಇದನ್ನು ‘ಅರ್ತ್’ ಎನ್ನುವುದು ವಾಡಿಕೆ. ಹಿಂದೆ ರೇಡಿಯೋ ಪೆಟ್ಟಿಗೆಗೆ ಏರಿಯಲ್ಲಿನ ಜೊತೆಗೆ ಅರ್ತ್ ತಂತಿಯನ್ನೂ ಎಳೆದು ಅಂಗಳದಲ್ಲಿ ಹೂಳುತ್ತಿದ್ದುದನ್ನು ಹಿರಿಯರಿಂದ ಕೇಳಿರಬಹುದು. ಅದು ನಿಜವಾದ ಭೂಮಿ. ಕಾರು ರಬ್ಬರಿನ ಚಕ್ರಗಳ ಮೇಲೆ ನಿಂತಿರುವುದರಿಂದ ಅದರ ಅರ್ತಿಗೂ ಭೂಮಿಗೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದು. ಹಳೆಯ ಮಾರಿಸ್ ಮೈನರ್ ಮೊದಲಾದ ಇಂಗ್ಲಿಷ್ ಕಾರುಗಳಲ್ಲಿ ಇದಕ್ಕೆ ವಿರುದ್ಧವಾಗಿ ಧನವನ್ನೇ ಮೈಗೆ ಜೋಡಿಸುತ್ತಿದ್ದರು. ಅಂಥ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡವರು ಮುಂದೆ ಹೇಳುವ ಕ್ರಮವನ್ನು ಅದಕ್ಕೆ ಅನ್ವಯಿಸದಿರಲಿ.

ಈಗ ಕರಿಯ ಕ್ಲಿಪ್ಪಿನ ವಿಚಾರ. ಅದನ್ನು ಋಣ ಟರ್ಮಿನಲ್ಲಿಗೆ ಹಾಕದೆ, ಅಲ್ಲಿಂದ ದೂರದಲ್ಲಿ ಕಾರಿನ ಮೈಗೆ ಹಾಕಬೇಕು. ಇದಕ್ಕೆ ಕಾರಣಗಳು ಎರಡು. ಒಂದು ನಿಮ್ಮ ಕಣ್ಣಿಗೆ ಸಂಬಂಧಿಸಿದ್ದು, ಇನ್ನೊಂದು ಕಾರಿನ ಲೆಕ್ಕಕ್ಕೆ ಸಂಬಂಧಿಸಿದ್ದು.

ಗಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ 1859ರಲ್ಲಿ ಕಂಡುಹಿಡಿದ ಸೀಸ-ಗಂಧಕಾಮ್ಲದ ಬ್ಯಾಟರಿಯೇ ಇಂದಿಗೂ ಹೆಚ್ಚಿನ ಕಾರುಗಳ ಬಾನೆಟ್ಟಿನೊಳಗೆ ಕುಳಿತಿದೆ. ಚಾರ್ಜು ತುಂಬುತ್ತ ಬಂದಂತೆ ಅದರೊಳಗಿನ ನೀರು ಒಡೆದು ಜಲಜನಕ, ಆಮ್ಲಜನಕಗಳಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಬೆರೆತರೆ ಸಾಕು, ಒಂದು ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡಾಗ ಬ್ಯಾಟರಿಯ ಪೆಟ್ಟಿಗೆ ಸಿಡಿದು ಆಮ್ಲ ಎರಚಬಹುದು. ಆಗ ಬಗ್ಗಿ ನೋಡುತ್ತಿರುವುದು ನಿಮ್ಮ ಮುಖ. ನಮ್ಮ ಊರಿನ ಬ್ಯಾಟರಿ ಅಂಗಡಿಯ ಹಿರಿಯರೊಬ್ಬರು ಚಾರ್ಜಿಗೆ ಇಟ್ಟ ಕೋಣೆಯಲ್ಲಿ ಯಾರಿಗೂ ಬೀಡಿ ಹಚ್ಚಗೊಡುವುದಿಲ್ಲ. “ಅಡಿಗೆಮನೆ ಗ್ಯಾಸು ವಾಸನೆ ಬಂದು ಹೇಳ್ತದೆ ಮೇಷ್ಟ್ರೇ, ಇದು ಹೇಳದೇ ಬರ್ತದೆ” ಎಂದರು. ನಿಜವೇ, ಜಲಜನಕಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವಿದ್ಯುತ್ತಿನ ಸುತ್ತು ಪೂರ್ಣವಾಗುವ ಕಡೆಯ ಜೋಡಣೆಯಲ್ಲಿಯೂ ಅದು ಕಡಿಯುವ ಮೊದಲ ಬಿಡುಗಡೆಯಲ್ಲಿಯೂ ಕಿಡಿ ಹಾರುವ ಸಂಭವವುಂಟು. ಆ ಕಿಡಿ ಹಾರುವುದಾದರೆ ಬ್ಯಾಟರಿಯಿಂದ ದೂರದಲ್ಲಿ ಹಾರಲಿ ಎಂಬುದೇ ಮೊದಲ ಕಾರಣ. ಕೆಂಪನ್ನು ಮೊದಲು ಹಾಕಿ ಕರಿಯದನ್ನು ಕಡೆಗೆ ಹಾಕಬೇಕೆನ್ನುವುದೂ ಇದಕ್ಕಾಗಿಯೇ. ಹಿಂದುಮುಂದಾದರೆ ಕಡೆಯ ಜೋಡಣೆ ಧನ ಟರ್ಮಿನಲ್ಲಿನ ಮೇಲೆಯೇ, ಅಂದರೆ ಅನಿಲದ ಬಾಯಲ್ಲಿಯೇ ನಡೆಯುತ್ತದೆ.

ಎರಡನೆಯ ಕಾರಣ ಹೊಸ ಕಾಲದ್ದು. ಸಿಗ್ನಲ್ಲಿನಲ್ಲಿ ನಿಂತೊಡನೆ ತಾನಾಗಿ ಆರಿ, ಕ್ಲಚ್ಚು ತುಳಿದೊಡನೆ ತಾನಾಗಿ ಹೊತ್ತಿಕೊಳ್ಳುವ ಕಾರುಗಳನ್ನು ನೀವು ಬಲ್ಲಿರಿ. ಮತ್ತೆ ಹೊತ್ತಿಸುವಷ್ಟು ಶಕ್ತಿ ಬ್ಯಾಟರಿಯಲ್ಲಿ ಉಳಿದಿದೆಯೇ ಎಂಬುದು ಗೊತ್ತಿಲ್ಲದೆ ಕಾರು ಎಂಜಿನ್ನನ್ನು ಆರಿಸುವಂತಿಲ್ಲ. ಅದಕ್ಕಾಗಿ ಋಣ ಟರ್ಮಿನಲ್ಲಿನ ಮೇಲೆಯೇ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಅಳತೆಯ ಯಂತ್ರವನ್ನು ಕೂರಿಸಿರುತ್ತಾರೆ. ಸೆನ್ಸರ್ ಎಂದು ಅದರ ಹೆಸರು. ಹಳ್ಳಿಯ ಶಾನುಭೋಗರನ್ನು ನೆನೆದುಕೊಳ್ಳಿ. ಬಂದ ಕಾಸು, ಹೋದ ಕಾಸು ಎರಡೂ ಅವರ ಮುಂದೆಯೇ ಹಾದು ಖಾತೆಗೆ ಏರಬೇಕು. ಈ ಸೆನ್ಸರೂ ಹಾಗೆಯೇ: ಬ್ಯಾಟರಿಯೊಳಕ್ಕೆ ಎಷ್ಟು ಆಂಪಿಯರು ಹೋಯಿತು, ಎಷ್ಟು ಹೊರಬಂತು, ವೋಲ್ಟೇಜು ಎಷ್ಟು, ಬಿಸಿ ಎಷ್ಟು ಎಂದು ಬರೆದಿಡುತ್ತ ಕಾರಿನ ಕಂಪ್ಯೂಟರಿಗೆ ವರದಿ ಕಳಿಸುತ್ತದೆ. ಅದು ಕುಳಿತಿರುವುದು ಕಾರಿನ ಮೈಗೂ ಟರ್ಮಿನಲ್ಲಿಗೂ ನಡುವೆ. ಕರಿಯ ಕ್ಲಿಪ್ಪನ್ನು ನೀವು ಮೈಗೆ ಹಾಕಿದರೆ ಚಾರ್ಜೆಲ್ಲ ಶಾನುಭೋಗರ ಮುಂದೆ ಹಾದು ಒಳಹೋಗುತ್ತದೆ. ನೇರವಾಗಿ ಟರ್ಮಿನಲ್ಲಿಗೆ ಹಾಕಿದಿರೋ, ಹಣ ಹಿತ್ತಿಲ ಬಾಗಿಲಿನಿಂದ ಉಗ್ರಾಣ ಸೇರಿತು, ಖಾತೆಯಲ್ಲಿ ಮಾತ್ರ ಬಡತನವೇ ಉಳಿಯಿತು! ಬ್ಯಾಟರಿ ತುಂಬಿದ್ದರೂ ಕಾರು ಅದನ್ನು ಬರಿದೆಂದೇ ನಂಬಿ, ಸಿಗ್ನಲ್ಲಿನಲ್ಲಿ ಎಂಜಿನ್ನನ್ನು ಆರಿಸುವುದಿಲ್ಲ. ಬೇಕಿಲ್ಲದಿದ್ದರೂ ಆಲ್ಟರ್ನೇಟರಿನಿಂದ ಮತ್ತೆ ತುಂಬಿಸಲು ನೋಡುತ್ತದೆ. ಕಾರು ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ ವೋಲ್ಟೇಜನ್ನು ಅಳೆದು ಈ ಲೆಕ್ಕವನ್ನು ತಿದ್ದಿಕೊಳ್ಳುವುದೂ ಉಂಟು. ಆದಕಾರಣ ಹಾಗೆ ಹಾಕಿಬಿಟ್ಟವರು ಗಾಬರಿಪಡಬೇಕಾಗಿಲ್ಲ. ಆದರೆ ಆ ನಾಜೂಕಾದ ಸೆನ್ಸರಿನ ಮೇಲೆಯೇ ಕ್ಲಿಪ್ಪಿನ ಹಲ್ಲುಗಳನ್ನು ಊರಿ ಅದನ್ನು ಮುರಿದರೆ ಮಾತ್ರ ಖರ್ಚು ನಿಮ್ಮದೇ.

ಇನ್ನು ಕೈಗೆ ಕೆಲಸ. ಕಾರನ್ನು ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಕೀಲಿ ತೆಗೆದು, ದೀಪಗಳನ್ನು ಆರಿಸಿ, ಬಾನೆಟ್ಟು ತೆರೆಯಿರಿ. ಕೈಯ ಉಂಗುರ ಬಳೆಗಳನ್ನು ತೆಗೆದಿಡಿ; ಕನ್ನಡಕವಿದ್ದರೆ ಹಾಕಿಕೊಳ್ಳಿ. ಚಾರ್ಜರಿನ ಪ್ಲಗ್ಗು ಗೋಡೆಯಿಂದ ಹೊರಗಿರಲಿ. ಬಣ್ಣವನ್ನು ಮಾತ್ರ ನಂಬದೆ ಬ್ಯಾಟರಿಯ ಮೈಮೇಲೆ ಅಚ್ಚೊತ್ತಿದ ಕೂಡುವ ಗುರುತನ್ನು ಕಣ್ಣಾರೆ ನೋಡಿ, ಕೆಂಪು ಕ್ಲಿಪ್ಪನ್ನು ಅಲ್ಲಿ ಕಚ್ಚಿಸಿ. ಧನ-ಋಣಗಳು ಅದಲುಬದಲಾದರೆ ಈಗಿನ ಒಳ್ಳೆಯ ಚಾರ್ಜರು ತಾನೇ ತಡೆಯುತ್ತದೆ; ಹಳೆಯ ಮಾದರಿಯದು ತಡೆಯುವುದಿಲ್ಲ, ಫ್ಯೂಸಿನಿಂದ ಹಿಡಿದು ಆಲ್ಟರ್ನೇಟರಿನವರೆಗೆ ಏನನ್ನಾದರೂ ಸುಟ್ಟೀತು. ಆಮೇಲೆ ಕರಿಯ ಕ್ಲಿಪ್ಪು: ಕಾರಿನವರೇ ಇದಕ್ಕೆಂದು ಇಟ್ಟಿರುವ ಅರ್ತ್ ಬೋಲ್ಟು ಇದ್ದರೆ ಅದಕ್ಕೆ, ಇಲ್ಲವಾದರೆ ಎಂಜಿನ್ನಿನ ಬಣ್ಣ ಬಳಿಯದ ದಪ್ಪ ಲೋಹದ ಭಾಗಕ್ಕೆ. ಪೆಟ್ರೋಲಿನ ಕೊಳವೆ, ತೆಳು ತಗಡು, ಫ್ಯಾನು, ಬೆಲ್ಟು ಇವುಗಳ ಹತ್ತಿರ ಸುಳಿಯಬೇಡಿ. ಇಷ್ಟಾದ ಮೇಲೆಯೇ ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಹಾಕುವುದು.

ಬಾನೆಟ್ಟು ತೆರೆದರೆ ಬ್ಯಾಟರಿಯೇ ಕಾಣದ ಕಾರುಗಳೂ ಉಂಟು. ಕೆಲವರು ಅದನ್ನು ಡಿಕ್ಕಿಯಲ್ಲಿಯೋ ಸೀಟಿನ ಕೆಳಗೋ ಅಡಗಿಸಿ, ಮುಂಭಾಗದಲ್ಲಿ ಕೆಂಪು ಮುಚ್ಚಳದ ಧನ ಟರ್ಮಿನಲ್ಲನ್ನೂ ಪಕ್ಕದಲ್ಲೊಂದು ಅರ್ತ್ ಬೋಲ್ಟನ್ನೂ ಇಟ್ಟಿರುತ್ತಾರೆ. ಎರಡು ಕ್ಲಿಪ್ಪುಗಳೂ ಅಲ್ಲಿಗೇ ಸೇರಬೇಕು. ಕಾರಿನ ಜೊತೆ ಕೊಟ್ಟ ಕೈಪಿಡಿಯಲ್ಲಿ ಇದರ ಚಿತ್ರ ಇರುತ್ತದೆ. ಆ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚದವರು ನಮ್ಮಲ್ಲಿ ಬಹಳ ಮಂದಿ! ಕೈಪಿಡಿಯ ಮಾತಿಗೂ ನನ್ನ ಮಾತಿಗೂ ಭೇದ ಕಂಡರೆ ಕೈಪಿಡಿಯನ್ನೇ ನಂಬಿ. ಪೂರ್ತಿ ವಿದ್ಯುತ್ತಿನಿಂದಲೇ ಓಡುವ ಕಾರಿನಲ್ಲಿಯೂ ದೀಪ, ಬೀಗಗಳಿಗಾಗಿ ಸಾಮಾನ್ಯವಾಗಿ 12 ವೋಲ್ಟಿನ ಪುಟ್ಟ ಬ್ಯಾಟರಿಯೊಂದು ಇರುತ್ತದೆ. ಅದಕ್ಕೆ ಚಾರ್ಜು ಕೊಡುವ ಮುನ್ನ ಕೈಪಿಡಿ ಓದಲೇಬೇಕು. ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನಂತೂ ಮುಟ್ಟಕೂಡದು, ಅವುಗಳಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜು.

ಚಾರ್ಜರಿನ ಮೇಲೆ ಹಲವು ಗುಂಡಿಗಳಿರುತ್ತವೆ. ಬ್ಯಾಟರಿಯ ಮೇಲೆ ‘ಎ.ಜಿ.ಎಂ.’ ಎಂದು ಬರೆದಿದ್ದರೆ ಅದರಲ್ಲಿ ಆಮ್ಲವನ್ನು ಗಾಜಿನ ನೂಲಿನ ಹಾಸಿಗೆಯಲ್ಲಿ ಹೀರಿಸಿಟ್ಟಿದ್ದಾರೆಂದು ಅರ್ಥ. ಚಾರ್ಜರಿನಲ್ಲಿಯೂ ಅದೇ ಹೆಸರಿನ ಗುಂಡಿಯನ್ನು ಒತ್ತಬೇಕು. ಸತ್ತ ಬ್ಯಾಟರಿಗೆ ಜೀವ ಬರಿಸುವೆನೆಂದು ವೋಲ್ಟೇಜನ್ನು 16ರ ಹತ್ತಿರಕ್ಕೆ ಏರಿಸುವ ಗುಂಡಿಯೂ ಕೆಲವದರಲ್ಲಿ ಇರುತ್ತದೆ. ಬ್ಯಾಟರಿ ಕಾರಿಗೆ ಜೋಡಿಸಿದ್ದಾಗ ಅದನ್ನು ಮುಟ್ಟಬೇಡಿ. ಸಾಮಾನ್ಯವಾಗಿ 14 ವೋಲ್ಟಿನ ಆಚೀಚೆ ಬಾಳುವ ಕಾರಿನ ಕಂಪ್ಯೂಟರುಗಳಿಗೆ ಅದು ಒಗ್ಗದು. ಆತುರವೂ ಬೇಡ. 40 ಆಂಪಿಯರ್-ಗಂಟೆಯ ಬ್ಯಾಟರಿಗೆ 4 ಆಂಪಿಯರು ಹದವಾದದ್ದು. ಅರ್ಧ ಬರಿದಾಗಿದ್ದರೆ ಲೆಕ್ಕದಲ್ಲಿ 5 ಗಂಟೆ. ಕೊನೆಕೊನೆಗೆ ಹರಿವು ಸಣ್ಣದಾಗುವುದರಿಂದ 7 ಗಂಟೆಯಾದರೂ ಹಿಡಿಯುತ್ತದೆ. ನಡುವೆ ಬ್ಯಾಟರಿ ಮುಟ್ಟಲಾರದಷ್ಟು ಬಿಸಿಯಾದರೆ, ಕೊಳೆತ ಮೊಟ್ಟೆಯ ನಾತ ಬಂದರೆ, ಗೋಡೆಯ ಸ್ವಿಚ್ಚನ್ನು ಆರಿಸಿ ದೂರ ಸರಿಯಿರಿ. ಆಮ್ಲವೇನಾದರೂ ಕಣ್ಣಿಗೆ ಸಿಡಿದರೆ ಹರಿಯುವ ತಣ್ಣೀರಿನಲ್ಲಿ ಕಾಲು ಗಂಟೆಗೆ ಕಡಮೆಯಿಲ್ಲದಂತೆ ತೊಳೆದು, ಬಳಿಕ ಡಾಕ್ಟರ ಬಳಿಗೆ ಓಡಿ.

ಹೀಗೆ ಕಷ್ಟಪಡುವುದೇಕೆ, ಬ್ಯಾಟರಿಯನ್ನೇ ಬಿಚ್ಚಿ ಹಜಾರಕ್ಕೆ ತಂದು ಚಾರ್ಜು ಮಾಡಿದರಾಗದೆ ಎಂದರೆ, ಹಜಾರ ಬೇಡ, ಗಾಳಿಯಾಡುವ ಜಗಲಿಯಾದರೆ ಆಗಬಹುದು. ಬಿಚ್ಚುವಾಗ ಮೊದಲು ಋಣ, ಆಮೇಲೆ ಧನ. ಋಣ ಜೋಡಿಸಿರುವಾಗಲೇ ಧನದ ನಟ್ಟಿಗೆ ಹಾಕಿದ ಸ್ಪಾನರು ಕಾರಿನ ಮೈಗೆ ತಗುಲಿತೆಂದರೆ ಬ್ಯಾಟರಿಯ ಶಕ್ತಿಯೆಲ್ಲ ಆ ಸ್ಪಾನರಿನ ಮೂಲಕವೇ ಹಾಯುತ್ತದೆ. ಹೊರತೆಗೆದ ಬ್ಯಾಟರಿಗೆ ಮೈಯಿಲ್ಲ, ಶಾನುಭೋಗರೂ ಇಲ್ಲ. ಆಗ ಕರಿಯ ಕ್ಲಿಪ್ಪು ಋಣ ಟರ್ಮಿನಲ್ಲಿಗೇ ಹೋಗಬೇಕು. ಆದರೆ ಬ್ಯಾಟರಿ ಬಿಚ್ಚಿದರೆ ಕಾರು ಗಡಿಯಾರವನ್ನು ಮರೆಯುತ್ತದೆ. ಕೆಲವು ಕಾರುಗಳ ರೇಡಿಯೋ ಗುಟ್ಟಿನ ಅಂಕಿಗಳನ್ನು ಕೇಳಿ, ಅದನ್ನು ಒತ್ತುವವರೆಗೂ ಬಾಯಿ ಬಿಡುವುದಿಲ್ಲ. ರೇಡಿಯೋ ಕೇಳುವ ಮನೆತನದವರು ಆ ಅಂಕಿಗಳನ್ನು ಮೊದಲೇ ಎಲ್ಲಾದರೂ ಗುರುತು ಹಾಕಿಟ್ಟಿರುವುದು ಲೇಸು.

ತೆಗೆಯುವಾಗ ಜೋಡಿಸಿದ್ದಕ್ಕೆ ವಿಲೋಮ: ಮೊದಲು ಗೋಡೆಯ ಸ್ವಿಚ್ಚು ಮತ್ತು ಪ್ಲಗ್ಗು, ಬಳಿಕ ಕರಿಯದು, ಕಡೆಗೆ ಕೆಂಪು. ಚಾರ್ಜು ಮುಗಿದ ಹೊತ್ತಿಗೇ ಜಲಜನಕ ಹೆಚ್ಚಾಗಿ ಸೇರಿರುವುದರಿಂದ, ಸ್ವಿಚ್ಚು ಆರಿಸದೆ ಕ್ಲಿಪ್ಪು ಕೀಳುವುದು ಎಲ್ಲಕ್ಕಿಂತ ಕೆಟ್ಟದ್ದು. ರಾತ್ರಿಯೆಲ್ಲ ಹಾಗೆಯೇ ಬಿಟ್ಟು ಬೆಳಿಗ್ಗೆ ಮೀಟರಿನಿಂದ ಅಳೆದು ನೋಡಿ. 12.6 ವೋಲ್ಟು ಅಥವಾ ಅದಕ್ಕೆ ಮೇಲಿದ್ದರೆ ಬ್ಯಾಟರಿ ತುಂಬಿದೆ. ರಾತ್ರಿ ತುಂಬಿದ್ದು ಬೆಳಗಾಗುವುದರೊಳಗೆ 12.2ಕ್ಕೆ ಇಳಿದಿದ್ದರೆ ಅರ್ಧ ಹೋಯಿತೆಂದೇ ಲೆಕ್ಕ. ಚಾರ್ಜರನ್ನು ಒಳಗಿಟ್ಟು, ಬ್ಯಾಟರಿ ಅಂಗಡಿಯವರಿಗೆ ಹೇಳಿ ಕಳುಹಿಸಿ.